ಅಮ್ಮನ ಎಡಗಾಲಿಗೆ ಅಳತೆ ಕೊಟ್ಟು ಮಾಡಿಸಿದ ಎಎಫ್‌ಒ: ಏಳು ತಿಂಗಳ ಬಳಕೆಯ ನಂತರ

ನನ್ನ ತಾಯಿಗೆ ಈಗ 64 ವರ್ಷ. ಕಳೆದ ಆಷಾಢದ ಒಂದು ಬೆಳಿಗ್ಗೆ ಒಲೆಯಿಂದ ಹಾಲಿನ ಪಾತ್ರೆ ಇಳಿಸುವಾಗ ಅವರ ಎಡಗೈ ಸೋತಿತು. ಅರ್ಧ ಗಂಟೆಯೊಳಗೆ ಎಡಗಾಲೂ ಸ್ವಾಧೀನ ತಪ್ಪಿತು. ವಾಯು ಹಿಡಿದಿದೆ ಎಂದು ಹಿರಿಯರು ಹೇಳಿದರು, ನಾವು ಎಣ್ಣೆ ಕಾಯಿಸಿ ತಿಕ್ಕುತ್ತಾ ಕುಳಿತೆವು. ಅರಸೀಕೆರೆ ಹತ್ತಿರದ ನಮ್ಮ ಹಳ್ಳಿಯಿಂದ ಹಾಸನ ತಲುಪಿ ತಲೆಯ ಸ್ಕ್ಯಾನ್ ಆಗಿ ಇದು ಪಾರ್ಶ್ವವಾಯು ಎಂದು ತಿಳಿಯುವಷ್ಟರಲ್ಲಿ ಏಳು ಗಂಟೆ ಕಳೆದಿತ್ತು. ಮಿದುಳಿನ ರಕ್ತನಾಳದಲ್ಲಿ ಸಿಕ್ಕಿಕೊಂಡ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿಕೊಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು ಎಂಬುದು ನಮಗೆ ತಿಳಿದದ್ದು ಆ ಹೊತ್ತು ಮೀರಿದ ಮೇಲೆ. ಇದನ್ನು ಮೊದಲಿಗೇ ಹೇಳುತ್ತಿದ್ದೇನೆ, ಏಕೆಂದರೆ ಮುಂದೆ ನಾನು ಮೆಚ್ಚಿ ಬರೆಯಲಿರುವ ಸಾಧನದಿಂದ ಆ ಏಳು ಗಂಟೆಗಳನ್ನು ಹಿಂದಕ್ಕೆ ತರಲು ಆಗುವುದಿಲ್ಲ. ಮುಖ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಎಣ್ಣೆಯ ಬಟ್ಟಲು ಹುಡುಕದೆ ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ಹೊರಡಿ.

ಸಾಧನದ ಹೆಸರು ಎಎಫ್‌ಒ, ಅಂದರೆ ಆಂಕಲ್ ಫುಟ್ ಆರ್ಥೋಸಿಸ್: ಕಣಕಾಲು, ಪಾದ ಎರಡನ್ನೂ ಹಿಡಿದು ನಿಲ್ಲಿಸುವ ಆಧಾರ. ಮೀನಖಂಡದ ಹಿಂಬದಿಯಿಂದ ಇಳಿದು, ಹಿಮ್ಮಡಿಯನ್ನು ಬಳಸಿ, ಅಂಗಾಲಿನ ಕೆಳಗೆ ಬೆರಳ ತುದಿಯವರೆಗೆ ಚಾಚಿಕೊಳ್ಳುವ ಬಿಳಿಯ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನ ಒಂದು ತೊಟ್ಟಿಲು ಅದು. ಮೊಣಕಾಲ ಕೆಳಗೊಂದು, ಕಣಕಾಲಿನ ಮೇಲೊಂದು ವೆಲ್ಕ್ರೋ ಪಟ್ಟಿ ಇರುತ್ತದೆ. ನೋಡಲು ಏನೂ ಅಲ್ಲ ಎನಿಸುವ ಇದಕ್ಕೆ ನಮ್ಮ ಮನೆಯಲ್ಲಿ ಏಕೆ ಇಷ್ಟು ಬೆಲೆ ಬಂತು ಎಂಬುದನ್ನು ಹೇಳಬೇಕಾದರೆ ಅಮ್ಮನ ನಡಿಗೆ ಹೇಗಿತ್ತು ಎಂಬುದನ್ನು ಹೇಳಬೇಕು.

ಎರಡು ತಿಂಗಳ ಫಿಸಿಯೋಥೆರಪಿಯ ನಂತರ ಅವರು ನಾಲ್ಕು ಕಾಲಿನ ಊರುಗೋಲು ಹಿಡಿದು ಪಡಸಾಲೆಯಲ್ಲಿ ನಾಲ್ಕು ಹೆಜ್ಜೆ ಹಾಕತೊಡಗಿದ್ದರು. ಎಡಗಾಲು ಎತ್ತಿದೊಡನೆ ಪಾದದ ಮುಂಭಾಗ ಜೋತುಬೀಳುತ್ತಿತ್ತು, ಪಾದ ಒಳಮುಖವಾಗಿ ಹೊರಳುತ್ತಿತ್ತು, ಹೆಬ್ಬೆರಳ ತುದಿ ಸಿಮೆಂಟಿನ ನೆಲಕ್ಕೆ ಸರ್ ಎಂದು ಉಜ್ಜುತ್ತಿತ್ತು. ಇದನ್ನು ವೈದ್ಯರು ಫುಟ್ ಡ್ರಾಪ್ ಎನ್ನುತ್ತಾರೆ. ಪಾದವನ್ನು ಮೇಲಕ್ಕೆ ಎತ್ತುವ ಸ್ನಾಯು ಮೊಣಕಾಲಿನ ಕೆಳಗೆ, ಕಾಲಿನ ಮುಂಭಾಗದಲ್ಲಿದೆ. ಮಿದುಳಿನಿಂದ ಅದಕ್ಕೆ ಅಪ್ಪಣೆ ಸರಿಯಾಗಿ ತಲುಪುವುದಿಲ್ಲ. ಅದೇ ಹೊತ್ತಿಗೆ ಹಿಂದಿನ ಮೀನಖಂಡ ಮಾತ್ರ ಬಿಗಿದುಕೊಂಡು ಪಾದವನ್ನು ಕೆಳಕ್ಕೆ ಎಳೆಯುತ್ತದೆ. ಬೆರಳು ನೆಲಕ್ಕೆ ತಾಗದಂತೆ ಅಮ್ಮ ಸೊಂಟವನ್ನು ಮೇಲಕ್ಕೆತ್ತಿ, ಇಡೀ ಕಾಲನ್ನು ಕುಡುಗೋಲು ಬೀಸಿದಂತೆ ಹೊರಗಿನಿಂದ ಸುತ್ತಿಸಿ ಮುಂದಿಡುತ್ತಿದ್ದರು. ಹತ್ತು ಹೆಜ್ಜೆಗೆ ಏದುಸಿರು ಬರುತ್ತಿತ್ತು. ಅಡುಗೆಮನೆಯ ಹೊಸ್ತಿಲಿನಲ್ಲಿ ಎರಡು ಸಲ ಎಡವಿದರು, ಎರಡನೆಯ ಸಲ ಬಿದ್ದರು. ಬಿದ್ದ ಮೇಲೆ ಮಂಚ ಬಿಟ್ಟು ಏಳಲು ಹೆದರಿದರು. ನನ್ನನ್ನು ಹೆಚ್ಚು ಕಾಡಿದ್ದು ಆ ಹೆದರಿಕೆ.

ಆಗ ನಾನು ಮಾಡಿದ ಮೊದಲ ಕೆಲಸ ಆನ್‌ಲೈನ್‌ನಲ್ಲಿ 1,150 ರೂಪಾಯಿಯ ಸಿದ್ಧ ಎಎಫ್‌ಒ ಪಟ್ಟಿಯೊಂದನ್ನು ತರಿಸಿದ್ದು. ಕಂಪನಿಯ ಹೆಸರು ಬರೆಯುವುದಿಲ್ಲ, ಇಂಥವು ಹತ್ತಾರು ಹೆಸರಿನಲ್ಲಿ ಸಿಗುತ್ತವೆ. ಅವರು ಕೇಳಿದ ಅಳತೆ ಎರಡೇ: ಎಡಗಾಲೋ ಬಲಗಾಲೋ, ಚಪ್ಪಲಿಯ ನಂಬರ್ ಎಷ್ಟು. ಬಂದ ಪಟ್ಟಿ ತೆಳುವಾಗಿತ್ತು, ಅಮ್ಮನ ಮೀನಖಂಡ ಬಿಗಿದೊಡನೆ ಬಾಗಿ ಪಾದದ ಜೊತೆಗೇ ಒಳಕ್ಕೆ ತಿರುಗುತ್ತಿತ್ತು. ಅವರ ಎಡಗಾಲಿಗೆ ಸ್ಪರ್ಶ ಅರ್ಧದಷ್ಟೂ ತಿಳಿಯುವುದಿಲ್ಲ. ಹಾಗಾಗಿ ಕಿರುಬೆರಳ ಬುಡದಲ್ಲಿ ಅಂಚು ಕೊರೆಯುತ್ತಿದ್ದುದು ಅವರಿಗೂ ಗೊತ್ತಾಗಲಿಲ್ಲ, ನಮಗೂ ಗೊತ್ತಾಗಲಿಲ್ಲ. ಮೂರನೆಯ ದಿನ ಸಂಜೆ ಕಾಲುಚೀಲ ತೆಗೆದಾಗ ಎಂಟಾಣೆ ಅಗಲದ ಬೊಕ್ಕೆ ಒಡೆದು ನೀರು ಸೋರುತ್ತಿತ್ತು. ಸಕ್ಕರೆ ಕಾಯಿಲೆಯೂ ಇರುವುದರಿಂದ ಅದು ಮಾಯಲು ಮೂರು ವಾರ ಹಿಡಿಯಿತು, ಆ ಮೂರು ವಾರ ನಡಿಗೆಯೇ ನಿಂತಿತು. ಪಟ್ಟಿಯನ್ನು ಮರಳಿಸಲು ಹೋದರೆ ಬಳಸಿದ ವೈದ್ಯಕೀಯ ಸಾಮಗ್ರಿ ಹಿಂದಕ್ಕೆ ಪಡೆಯುವುದಿಲ್ಲ ಎಂಬ ಉತ್ತರ ಬಂತು. ಹಣಕ್ಕಿಂತ ಆ ಮೂರು ವಾರ ನನಗೆ ಇಂದಿಗೂ ನೋವು ಕೊಡುತ್ತದೆ. ಪಾದ ಸಡಿಲವಾಗಿ ಜೋಲುವಷ್ಟೇ ತೊಂದರೆ ಇದ್ದು, ಮೀನಖಂಡದ ಬಿಗಿತ ಇಲ್ಲದವರಿಗೆ, ಸ್ಪರ್ಶ ಚೆನ್ನಾಗಿರುವವರಿಗೆ ಸಿದ್ಧ ಪಟ್ಟಿ ಸಾಕಾಗಬಹುದು. ಪಾದ ಒಳಕ್ಕೆ ಹೊರಳುವವರಿಗೆ, ಸ್ಪರ್ಶ ಕಳೆದುಕೊಂಡವರಿಗೆ ಅದನ್ನು ಕೊಳ್ಳಬೇಡಿ.

ಫಿಸಿಯೋಥೆರಪಿಸ್ಟ್ ಸೂಚಿಸಿದ ಮೇಲೆ ಮೈಸೂರಿನ ಒಂದು ಸಣ್ಣ ಕಾರ್ಯಾಗಾರಕ್ಕೆ ಹೋದೆವು. ಎರಡು ಕೋಣೆಯ ಜಾಗ, ಮುಂದೆ ಕಾಲು ನೋಡುವ ಬೆಂಚು, ಹಿಂದೆ ಒಲೆ ಮತ್ತು ಸುಣ್ಣದ ಪುಡಿಯಂತೆ ಎಲ್ಲೆಲ್ಲೂ ಹರಡಿದ ಪ್ಲಾಸ್ಟರ್. ಅದನ್ನು ನಡೆಸುವ ಆರ್ಥೋಟಿಸ್ಟ್, ಅಂದರೆ ಇಂಥ ಸಾಧನಗಳನ್ನು ಅಳತೆಗೆ ಮಾಡಿಕೊಡುವ ತಜ್ಞರು, ಮೊದಲ ಅರ್ಧ ಗಂಟೆ ಯಾವ ಸಾಮಗ್ರಿಯನ್ನೂ ತೋರಿಸಲಿಲ್ಲ. ಅಮ್ಮನನ್ನು ನಡೆಸಿ ಮುಂದಿನಿಂದ, ಪಕ್ಕದಿಂದ ನೋಡಿದರು. ಮಲಗಿಸಿ, ಮೊಣಕಾಲು ಮಡಿಸಿದಾಗ ಪಾದ ಎಷ್ಟು ಮೇಲೆ ಬರುತ್ತದೆ, ನೀಡಿದಾಗ ಎಷ್ಟು ಬರುತ್ತದೆ ಎಂದು ಎರಡು ಬಗೆಯಲ್ಲಿ ಅಳೆದರು. ಮನೆಯಲ್ಲಿ ಮೆಟ್ಟಿಲು ಎಷ್ಟು, ಶೌಚಾಲಯ ಯಾವ ಬಗೆಯದು, ದೇವರ ಕೋಣೆಗೆ ಎಷ್ಟು ಸಲ ಹೋಗುತ್ತಾರೆ ಎಂದು ಕೇಳಿದರು. ದೇವರ ಕೋಣೆಯ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ನಮಗೆ ಕೇಳಿರಲಿಲ್ಲ. ಮನೆಯೊಳಗೆ ಬರಿಗಾಲಲ್ಲಿ ಓಡಾಡುವ ನಮ್ಮಂಥವರಿಗೆ ಷೂ ಒಳಗೆ ಕೂರಬೇಕಾದ ಸಾಧನ ಕೊಟ್ಟರೆ ಅದು ಮೂಲೆ ಸೇರುತ್ತದೆ ಎಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು.

ಅಳತೆ ತೆಗೆದ ರೀತಿಯನ್ನು ಬಿಡಿಸಿ ಬರೆಯುತ್ತೇನೆ, ಏಕೆಂದರೆ ನಾವು ಕೊಟ್ಟ 5,500 ರೂಪಾಯಿ ಹೋದದ್ದು ಪ್ಲಾಸ್ಟಿಕ್ಕಿಗಲ್ಲ, ಇದಕ್ಕೆ. ಕಾಲಿಗೆ ತೆಳುವಾದ ನೂಲಿನ ಚೀಲ ಹಾಕಿ, ಕಣಕಾಲಿನ ಎರಡು ಬದಿಯ ಮೂಳೆ, ಕಿರುಬೆರಳ ಬುಡ, ಪಾದದ ಒಳಬದಿಯ ಉಬ್ಬು, ಮೊಣಕಾಲ ಕೆಳಗಿನ ಹೊರಬದಿಯ ಮೂಳೆ ಇವುಗಳ ಮೇಲೆ ಒದ್ದೆಯಾದರೆ ಅಚ್ಚೊತ್ತುವ ಪೆನ್ಸಿಲಿನಿಂದ ಗುರುತು ಹಾಕಿದರು. ಒಂದು ರಬ್ಬರ್ ಕೊಳವೆಯನ್ನು ಕಾಲಿನ ಮುಂಭಾಗದುದ್ದಕ್ಕೂ ಇಟ್ಟು ಅದರ ಮೇಲೆ ಪ್ಲಾಸ್ಟರ್ ಪಟ್ಟಿಯನ್ನು ನೆನೆಸಿ ಸುತ್ತಿದರು. ಪ್ಲಾಸ್ಟರ್ ಗಟ್ಟಿಯಾಗುವವರೆಗೆ ಪಾದವನ್ನು ತೊಂಬತ್ತು ಡಿಗ್ರಿಯಲ್ಲಿ, ಹಿಮ್ಮಡಿ ನೇರವಾಗಿರುವಂತೆ ಎರಡೂ ಕೈಯಲ್ಲಿ ಹಿಡಿದು ಅಲುಗಾಡದೆ ಕುಳಿತರು. ನಂತರ ಆ ಕೊಳವೆಯ ಮೇಲಿನಿಂದ ಕತ್ತರಿಸಿ ಪೊರೆ ಬಿಡಿಸಿದ ಹಾಗೆ ಅಚ್ಚನ್ನು ತೆಗೆದರು. ಆ ಪೊಳ್ಳು ಅಚ್ಚಿಗೆ ಪ್ಲಾಸ್ಟರ್ ಸುರಿದರೆ ಅಮ್ಮನ ಕಾಲಿನದೇ ಒಂದು ಗಟ್ಟಿ ಪ್ರತಿ ಸಿಗುತ್ತದೆ, ಪೆನ್ಸಿಲಿನ ಗುರುತುಗಳು ಅದರ ಮೇಲೆ ಮೂಡಿರುತ್ತವೆ. ಗುರುತಿದ್ದ ಕಡೆಗಳಲ್ಲಿ ಸ್ವಲ್ಪ ಸ್ವಲ್ಪ ಪ್ಲಾಸ್ಟರ್ ಹಚ್ಚಿ ಉಬ್ಬಿಸುತ್ತಾರೆ, ಆಗ ಮೂಳೆಗೆ ಪ್ಲಾಸ್ಟಿಕ್ ಒತ್ತುವುದಿಲ್ಲ. ಪಾಲಿಪ್ರೊಪಿಲೀನ್ ಹಾಳೆಯನ್ನು 200 ಡಿಗ್ರಿ ಸೆಲ್ಸಿಯಸ್ ಹತ್ತಿರದ ಶಾಖದಲ್ಲಿ ಇಟ್ಟರೆ ಬಿಳಿ ಹೋಗಿ ಗಾಜಿನಂತೆ ತಿಳಿಯಾಗುತ್ತದೆ, ಆಗ ಅದನ್ನು ಪ್ರತಿಯ ಮೇಲೆ ಹೊದಿಸಿ ಗಾಳಿ ಎಳೆದು ಅಂಟಿಸುತ್ತಾರೆ. ತಣಿದ ಮೇಲೆ ಗರಗಸದಿಂದ ಕೊಯ್ದು ಅಂಚು ಉಜ್ಜುತ್ತಾರೆ.

ಎಲ್ಲಿ ಕೊಯ್ಯಬೇಕು ಎಂಬುದರಲ್ಲಿ ಕಸುಬಿನ ಗುಟ್ಟಿದೆ. ಅಂಚು ಕಣಕಾಲಿನ ಮೂಳೆಯ ಹಿಂದೆ ನಿಂತರೆ ಪಟ್ಟಿ ಸ್ಪ್ರಿಂಗಿನಂತೆ ಬಾಗುತ್ತದೆ, ಮೂಳೆಯನ್ನು ದಾಟಿ ಮುಂದೆ ಬಂದರೆ ಬಿಗಿಯಾಗಿ ನಿಲ್ಲುತ್ತದೆ. ಅಮ್ಮನಿಗೆ ಮೊದಲು ಬಿಗಿಯಾದದ್ದನ್ನೇ ಕೊಟ್ಟರು. ‘ಪ್ಲಾಸ್ಟಿಕ್ ಇದ್ದರೆ ಆಮೇಲೆ ಕತ್ತರಿಸಿ ಸಡಿಲ ಮಾಡಬಹುದು, ಕತ್ತರಿಸಿದ್ದನ್ನು ಅಂಟಿಸಲು ಆಗುವುದಿಲ್ಲ’ ಎಂದರು. ಇನ್ನೊಂದು ಸಂಗತಿ ನನಗೆ ಹೊಸದಾಗಿತ್ತು: ಪಾದಕ್ಕೆ ಹಾಕುವ ಈ ಸಾಧನ ಮೊಣಕಾಲನ್ನೂ ಆಳುತ್ತದೆ. ನೆಲದ ಮೇಲೆ ಭಾರ ಬಿಟ್ಟಾಗ ಅಮ್ಮನ ಮೊಣಕಾಲು ಹಿಂದಕ್ಕೆ ಬಿಲ್ಲಿನಂತೆ ಬಾಗುತ್ತಿತ್ತು. ಪಾದವನ್ನು ಕೆಳಕ್ಕೆ ಇಳಿಯಗೊಡದೆ ಹಿಡಿದದ್ದರಿಂದ ಮೊಣಕಾಲ ಆ ಹಿಂಬಾಗು ಬಹುಪಾಲು ನಿಂತಿತು.

ಹತ್ತು ದಿನದ ನಂತರ ತೊಡಿಸಿ ನಡೆಸಿದಾಗ ಆದ ಬದಲಾವಣೆಯನ್ನು ನಾನು ಅಂದಾಜಿನಲ್ಲಿ ಹೇಳಬೇಕಾಗಿಲ್ಲ. ನಮ್ಮ ಅಂಗಳದಲ್ಲಿ ಹತ್ತು ಮೀಟರ್ ಅಳೆದು ಸುಣ್ಣದ ಗೆರೆ ಎಳೆದಿದ್ದೆ. ಬರಿಗಾಲಲ್ಲಿ ಅದನ್ನು ದಾಟಲು 41 ಸೆಕೆಂಡು ಹಿಡಿಯುತ್ತಿತ್ತು, ಎಎಫ್‌ಒ ಮತ್ತು ಷೂ ಹಾಕಿದ ಮೊದಲ ವಾರ 29 ಸೆಕೆಂಡಾಯಿತು. ನಾಲ್ಕು ತಿಂಗಳ ಹೊತ್ತಿಗೆ 19ಕ್ಕೆ ಬಂತು. ಪಾರ್ಶ್ವವಾಯುವಿನ ನಂತರದ ನಡಿಗೆಯನ್ನು ಅಳೆಯುವವರು 1995ರಿಂದ ಬಳಸುತ್ತಿರುವ ಒಂದು ಲೆಕ್ಕವಿದೆ: ಸೆಕೆಂಡಿಗೆ 0.4 ಮೀಟರಿಗಿಂತ ಕಡಿಮೆ ವೇಗವಿದ್ದವರ ಓಡಾಟ ಹೆಚ್ಚಾಗಿ ಮನೆಯೊಳಗೇ ಉಳಿಯುತ್ತದೆ, 0.4ರಿಂದ 0.8ರವರೆಗಿನವರು ಹೊರಗೆ ಸ್ವಲ್ಪ ಮಟ್ಟಿಗೆ ತಿರುಗಾಡಬಲ್ಲರು. ಅಮ್ಮ 0.24ರಿಂದ 0.53ಕ್ಕೆ ಬಂದಿದ್ದಾರೆ. ಲೆಕ್ಕದಲ್ಲಿ ಇದು ಸೆಕೆಂಡಿಗೆ 0.29 ಮೀಟರಿನ ಮಾತು; ನಮ್ಮ ಬೀದಿಯಲ್ಲಿ ಇದರ ಅರ್ಥ, ಅವರು ಎರಡು ಮನೆ ಆಚೆಯ ತಮ್ಮ ಗೆಳತಿಯ ಜಗಲಿಯವರೆಗೆ ಹೋಗಿ ಸಂಜೆಯ ಮಾತು ಮುಗಿಸಿಕೊಂಡು ಬರುತ್ತಾರೆ.

ಈ ವೇಗವೆಲ್ಲ ಪ್ಲಾಸ್ಟಿಕ್ಕಿನ ಪ್ರತಾಪ ಎಂದು ನಾನು ಬರೆದರೆ ಅದು ಸುಳ್ಳಾಗುತ್ತದೆ. ತೊಟ್ಟ ಮೊದಲ ವಾರವೇ ಸಿಕ್ಕ ಹನ್ನೆರಡು ಸೆಕೆಂಡಿನ ಲಾಭ ಎಎಫ್‌ಒದ್ದು ಎನ್ನಬಹುದು. ಉಳಿದದ್ದು ವಾರಕ್ಕೆ ಮೂರು ದಿನ ಬಂದ ಫಿಸಿಯೋಥೆರಪಿಸ್ಟ್ ಮತ್ತು ಬೀಳುವ ಭಯ ಹೋದ ಮೇಲೆ ಅಮ್ಮ ದಿನಕ್ಕೆ ನಾಲ್ಕೈದು ಸಲ ಹಾಕಿದ ಹೆಜ್ಜೆಗಳದ್ದು. ತರಬೇತಿ ಪಡೆದು ಮನೆಯವರೇ ಎಲ್ಲ ವ್ಯಾಯಾಮ ಮಾಡಿಸಿದರೆ ಸಾಲದೇ ಎಂದು ನಾನೂ ಮೊದಲು ಯೋಚಿಸಿದ್ದೆ. ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳೊಂದಿಗೆ ಇದನ್ನೇ ಪರೀಕ್ಷಿಸಿದ ಅಟೆಂಡ್ ಎಂಬ ಅಧ್ಯಯನದ ಫಲಿತಾಂಶ 2017ರಲ್ಲಿ ಬಂತು. ಸಾಮಾನ್ಯ ಚಿಕಿತ್ಸೆಯ ಜೊತೆಗೆ ಮನೆಯವರಿಗೆ ತರಬೇತಿ ಕೊಟ್ಟು ವ್ಯಾಯಾಮ ಮಾಡಿಸಿದ್ದರಿಂದ ಆರು ತಿಂಗಳ ಹೊತ್ತಿಗೆ ಸಾವಿನಲ್ಲಾಗಲಿ ಪರಾವಲಂಬನೆಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಮನೆಯವರ ಶ್ರಮ ವ್ಯರ್ಥ ಎಂದು ನಾನು ಇದನ್ನು ಓದಿಕೊಳ್ಳುವುದಿಲ್ಲ. ಆದರೆ ಪ್ರೀತಿಯಿಂದ ಕಾಲು ಹಿಡಿದು ಎತ್ತಿಸುವುದಕ್ಕೂ ಯಾವ ಚಲನೆಯನ್ನು ಯಾವಾಗ ಬಿಡಬೇಕು, ಯಾವಾಗ ತಡೆಯಬೇಕು ಎಂದು ಕಲಿತವರು ಮಾಡಿಸುವುದಕ್ಕೂ ಅಂತರವಿದೆ ಎಂಬುದನ್ನು ನಮ್ಮ ಪಡಸಾಲೆಯಲ್ಲೇ ನೋಡಿದ್ದೇನೆ.

ಪಟ್ಟಿ ಹಾಕಿದರೆ ಕಾಲು ಅದಕ್ಕೇ ಒಗ್ಗಿಹೋಗಿ ಇದ್ದ ಶಕ್ತಿಯೂ ಹೋಗುತ್ತದೆ ಎಂದು ಹೆದರಿಸಿದವರು ಬಹಳ. ನನಗೂ ಆ ಅಳುಕಿತ್ತು. ನೆದರ್‌ಲ್ಯಾಂಡ್ಸ್‌ನಲ್ಲಿ ಪಾರ್ಶ್ವವಾಯು ಆದ ಕೆಲವರಿಗೆ ಎಎಫ್‌ಒವನ್ನು ಮೊದಲೇ, ಉಳಿದವರಿಗೆ ಎಂಟು ವಾರ ತಡವಾಗಿ ಕೊಟ್ಟು, ಪಾದ ಎತ್ತುವ ಸ್ನಾಯುವಿನ ವಿದ್ಯುತ್ ಚಟುವಟಿಕೆಯನ್ನು ತಿಂಗಳುಗಟ್ಟಲೆ ಅಳೆದು ನೋಡಿದ್ದಾರೆ. ಸಾಧನದಿಂದ ಸ್ನಾಯು ಮಂಕಾದ ಗುರುತು ಕಾಣಲಿಲ್ಲ. ಅಮ್ಮನ ವಿಷಯದಲ್ಲಿ ಫಿಸಿಯೋಥೆರಪಿಸ್ಟ್ ಪ್ರತಿ ಸಲವೂ ಹದಿನೈದು ನಿಮಿಷ ಅದನ್ನು ಬಿಚ್ಚಿಸಿಯೇ ಅಭ್ಯಾಸ ಮಾಡಿಸುತ್ತಾರೆ.

ವಿದ್ಯುತ್ ಯಂತ್ರದ ಬಗ್ಗೆಯೂ ಬರೆಯಬೇಕು, ಏಕೆಂದರೆ ಇಂಥ ಮನೆಗಳಿಗೆ ಮಾರಾಟಗಾರರು ಅದನ್ನು ಹಿಡಿದುಕೊಂಡು ಬರುತ್ತಾರೆ. ಮೊಣಕಾಲ ಕೆಳಗೆ, ಹೊರಬದಿಯ ಮೂಳೆಯ ಹತ್ತಿರ ಹಾದುಹೋಗುವ ನರಕ್ಕೆ ಹೆಜ್ಜೆ ಎತ್ತುವ ಹೊತ್ತಿಗೆ ಸಣ್ಣ ವಿದ್ಯುತ್ ಕೊಟ್ಟು ಪಾದವನ್ನು ಎತ್ತಿಸುವ ಉಪಾಯ ಅದು. 1961ರಲ್ಲಿ ಲಿಬರ್ಸನ್ ಎಂಬ ವೈದ್ಯರು ಹಿಮ್ಮಡಿಯ ಕೆಳಗೆ ಸ್ವಿಚ್ ಇಟ್ಟು ಮೊದಲು ಮಾಡಿ ತೋರಿಸಿದ ಈ ತಂತ್ರ ನಿಜವಾದದ್ದೇ, ಮೋಸವಲ್ಲ. ಒಂದು ಕಡೆ ಅಮ್ಮನಿಗೆ ಹಾಕಿ ತೋರಿಸಿದಾಗ ಪಾದ ತಾನಾಗಿ ಮೇಲೆದ್ದದ್ದನ್ನು ಕಂಡು ಅವರ ಕಣ್ಣು ತುಂಬಿತು, ನನ್ನದೂ. ನಮಗೆ ಹೇಳಿದ ಬೆಲೆ ಒಂದು ಲಕ್ಷ ನಲವತ್ತು ಸಾವಿರ, ಜೊತೆಗೆ ಮೂರು ತಿಂಗಳಲ್ಲಿ ಊರುಗೋಲು ಬಿಡಿಸುತ್ತೇವೆ ಎಂಬ ಭರವಸೆ. ಆ ಭರವಸೆಯೇ ನನ್ನನ್ನು ತಡೆಯಿತು. 2013ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಪಾದ ಜೋಲುವ 197 ಜನರಲ್ಲಿ ಕೆಲವರಿಗೆ ಈ ಯಂತ್ರ, ಉಳಿದವರಿಗೆ ಎಎಫ್‌ಒ ಕೊಟ್ಟು 30 ವಾರ ನೋಡಿದರು. ಎರಡೂ ಗುಂಪಿನವರ ನಡಿಗೆಯ ವೇಗ ಹೆಚ್ಚಿತು, ಎರಡರ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಬಳಸಿದವರ ಸಂತೃಪ್ತಿ ಮಾತ್ರ ಯಂತ್ರದ ಕಡೆಗೆ ಹೆಚ್ಚಿತ್ತು. ಹಗುರವಾದದ್ದು, ಚಪ್ಪಲಿಯ ಜೊತೆಗೂ ಹೊಂದುತ್ತದೆ, ಹಣದ ಅನುಕೂಲವಿರುವವರು ಕೊಂಡರೆ ತಪ್ಪಿಲ್ಲ. ಆದರೆ ಸಾಲ ಮಾಡಿ ಕೊಳ್ಳಬೇಕಾದ ಸಾಧನ ಅದಲ್ಲ. ಹೃದಯಕ್ಕೆ ಪೇಸ್‌ಮೇಕರ್ ಇರುವವರು ವೈದ್ಯರನ್ನು ಕೇಳದೆ ಅದನ್ನು ಹಚ್ಚಿಸಿಕೊಳ್ಳಲೇಬಾರದು.

ಬೆನ್ನುಹುರಿಯಲ್ಲಿ ಎಲೆಕ್ಟ್ರೋಡ್ ಇಟ್ಟು, ಕಾಲು ಪೂರ್ತಿ ಸತ್ತವರನ್ನು ನಡೆಸಿದ ವಿಡಿಯೋಗಳನ್ನು ನೆಂಟರು ಈಗಲೂ ಕಳಿಸುತ್ತಾರೆ. ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಗ್ರೆಗ್ವಾರ್ ಕೂರ್ಟೀನ್ ಮತ್ತು ಜೋಸೆಲಿನ್ ಬ್ಲಾಕ್ ಅವರ ತಂಡ ಮಾಡಿರುವ ಆ ಕೆಲಸ ಬೆನ್ನುಹುರಿಗೆ ಪೆಟ್ಟಾದವರದ್ದು. ಅಲ್ಲಿ ಮಿದುಳು ಸರಿಯಿದ್ದು ದಾರಿ ಕಡಿದಿರುತ್ತದೆ. ಅಮ್ಮನದು ಮಿದುಳಿನಲ್ಲೇ ಆದ ಹಾನಿ. ಲಕ್ವ ಎಂಬ ಒಂದೇ ಮಾತಿನಲ್ಲಿ ನಾವು ಎರಡನ್ನೂ ಹೇಳುವುದರಿಂದ ಒಂದರ ಚಿಕಿತ್ಸೆಯನ್ನು ಇನ್ನೊಂದಕ್ಕೆ ಹುಡುಕಿಕೊಂಡು ಅಲೆಯುವವರಿದ್ದಾರೆ.

ಇನ್ನು ಈ ಎಎಫ್‌ಒದ ಕೊರತೆಗಳು. ಬೇಸಿಗೆಯಲ್ಲಿ ಇದು ಬೆವರಿನ ಗೂಡು. ಮಾರ್ಚ್ ಏಪ್ರಿಲ್‌ನಲ್ಲಿ ದಿನಕ್ಕೆ ಮೂರು ಸಲ ಹತ್ತಿಯ ಕಾಲುಚೀಲ ಬದಲಿಸಬೇಕಾಯಿತು. ಹಾಕಿಕೊಂಡು ಕುಕ್ಕರಗಾಲಲ್ಲಿ ಕೂರಲು ಆಗದು, ಚಕ್ಕಳಮಕ್ಕಳ ಹಾಕುವುದಂತೂ ಇಲ್ಲವೇ ಇಲ್ಲ. ನಮ್ಮಲ್ಲಿ ಶೌಚಾಲಯಕ್ಕೆ ಕಮೋಡ್ ಹಾಕಿಸಿದೆವು, ಊಟ ಮೇಜಿಗೆ ಬಂತು. ಒಂದೇ ಕೈಯಲ್ಲಿ ವೆಲ್ಕ್ರೋ ಬಿಗಿಯಲು ಅಮ್ಮನಿಗೆ ಎರಡು ತಿಂಗಳ ಅಭ್ಯಾಸ ಬೇಕಾಯಿತು. ಐದನೆಯ ತಿಂಗಳಿಗೆ ವೆಲ್ಕ್ರೋದಲ್ಲಿ ನೂಲೆಳೆ ತುಂಬಿ ಹಿಡಿತ ಹೋಯಿತು, ಹೊಸದನ್ನು ಹೊಲಿಸಲು 200 ರೂಪಾಯಿ ಆಯಿತು. ಷೂ ಬೇರೆಯದೇ ಖರ್ಚು: ಎಡಗಾಲಿಗೆ ಒಂದು ಅಳತೆ ದೊಡ್ಡದು ಬೇಕು, ಬಾಯಿ ಪೂರ್ತಿ ತೆರೆಯಬೇಕು, ಪ್ಲಾಸ್ಟಿಕ್ಕಿನಿಂದ ಎಡಗಾಲು ಸ್ವಲ್ಪ ಎತ್ತರವಾಗುವುದರಿಂದ ಬಲ ಷೂವಿನೊಳಗೆ ಒಂದು ಪದರ ಹಾಸಬೇಕು. ದೇವರ ಕೋಣೆಗೆ ಆರ್ಥೋಟಿಸ್ಟ್ ಹುಡುಕಿದ ದಾರಿ ಸರಳವಾಗಿತ್ತು. ಅಂಗಾಲಿನ ಕೆಳಗೆ ಜಾರದ ರಬ್ಬರ್ ಹಾಳೆ ಅಂಟಿಸಿ ಕೊಟ್ಟರು, ಮನೆಯೊಳಗೆ ಷೂ ಇಲ್ಲದೆಯೇ ಹೋಗಿ ದೀಪ ಹಚ್ಚಿ ಬರುತ್ತಾರೆ. ಬಚ್ಚಲಿಗೆ ಮಾತ್ರ ಅದನ್ನು ಹಾಕಿಕೊಂಡು ಹೋಗಬಾರದು.

ಕಾರ್ಯಾಗಾರದವರ ಮೇಲೆ ನನ್ನ ಆಕ್ಷೇಪ ಒಂದೇ. ಬಳಕೆಯ ಸೂಚನೆಗಳನ್ನು ಬಾಯಲ್ಲಿ ಹೇಳಿದರು, ಕನ್ನಡದಲ್ಲಿ ಬರೆದು ಕೊಡಲಿಲ್ಲ. ನಾನು ನೆನಪಿಟ್ಟುಕೊಂಡು ಗೋಡೆಗೆ ಅಂಟಿಸಿದ ಚೀಟಿಯಲ್ಲಿ ಇರುವುದು ಇಷ್ಟು: ಮೊದಲ ದಿನ ಒಂದೇ ಗಂಟೆ, ದಿನಕ್ಕೆ ಒಂದೊಂದು ಗಂಟೆ ಏರಿಸಬೇಕು, ಬಿಚ್ಚಿದಾಗಲೆಲ್ಲ ಹಿಮ್ಮಡಿ, ಕಣಕಾಲು, ಕಿರುಬೆರಳ ಬುಡ ನೋಡಬೇಕು, ಕೆಂಪು ಗುರುತು ಅರ್ಧ ಗಂಟೆಯಾದರೂ ಮಾಸದಿದ್ದರೆ ಹಾಕುವುದನ್ನು ನಿಲ್ಲಿಸಿ ಕರೆ ಮಾಡಬೇಕು. ಎರಡನೆಯ ವಾರ ಕಣಕಾಲಿನ ಹೊರಮೂಳೆಯ ಮೇಲೆ ಅಂಥ ಗುರುತು ನಿಂತಿತು. ಮತ್ತೆ ಮೈಸೂರಿಗೆ ಹೋದೆವು. ಬಿಸಿಗಾಳಿಯ ಯಂತ್ರ ಹಿಡಿದು ಆ ಜಾಗವನ್ನಷ್ಟೇ ಮೆತ್ತಗೆ ಮಾಡಿ, ಒಳಗಿನಿಂದ ಹೆಬ್ಬೆರಳಗಲ ಹೊರಕ್ಕೆ ಒತ್ತಿದರು. ಹತ್ತು ನಿಮಿಷದ ಕೆಲಸ, ಹಣ ತೆಗೆದುಕೊಳ್ಳಲಿಲ್ಲ. ಆನ್‌ಲೈನ್ ಪಟ್ಟಿಗೆ ಈ ಹತ್ತು ನಿಮಿಷ ಎಲ್ಲಿಂದ ಬರಬೇಕು?

ನೀವು ಮಾಡಿಸುವುದಾದರೆ, ಆರ್ಥೋಟಿಸ್ಟ್ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿದವರೇ ಎಂದು ಕೇಳಿ. 1992ರ ಕಾಯ್ದೆಯ ಪ್ರಕಾರ ಅವರಿಗೆ ನೋಂದಣಿ ಇರಬೇಕು. ಪ್ಲಾಸ್ಟರಿನ ಅಚ್ಚು ತೆಗೆಯುತ್ತಾರೆಯೇ ಅಥವಾ ಗಾತ್ರ ನೋಡಿ ಪೆಟ್ಟಿಗೆಯಿಂದ ತೆಗೆದು ಕೊಡುತ್ತಾರೆಯೇ, ಮುಂದಿನ ಹೊಂದಾಣಿಕೆಗಳು ಬೆಲೆಯಲ್ಲಿ ಸೇರಿವೆಯೇ ಎಂಬುದನ್ನೂ ಮೊದಲೇ ಕೇಳಿ. ಮೀನಖಂಡ ತೀರಾ ಬಿಗಿಯಾಗಿದ್ದು ಹಿಮ್ಮಡಿ ಕೆಳಗೆ ಕೂರದಿದ್ದರೆ ಅಚ್ಚಿಗೆ ಮೊದಲು ನರರೋಗ ತಜ್ಞರನ್ನು ಕಾಣಬೇಕು. ಬೊಟುಲಿನಂ ಚುಚ್ಚುಮದ್ದಿನಿಂದ ಆ ಬಿಗಿತವನ್ನು ಮೂರು ತಿಂಗಳ ಮಟ್ಟಿಗೆ ಇಳಿಸಬಹುದು. ಹಣದ ತೊಂದರೆ ಇರುವವರಿಗೆ ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರ ಸರ್ಕಾರದ ಎಡಿಪ್ ಯೋಜನೆ 1981ರಿಂದ ಇದೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರ, ಆದಾಯದ ದಾಖಲೆ ಇದ್ದರೆ ಶಿಬಿರಗಳಲ್ಲಿ ಸಾಧನ ಸಿಗುತ್ತದೆ. ಪ್ರಮಾಣಪತ್ರ ಕೈಗೆ ಬರಲು ಹೊತ್ತು ಹಿಡಿಯುತ್ತದೆ, ಆದ್ದರಿಂದ ಅರ್ಜಿಯನ್ನು ಬೇಗ ಹಾಕಿಬಿಡಿ.

ಕಳೆದ ವಾರ ಮೂರನೆಯ ಸಲ ಕಾರ್ಯಾಗಾರಕ್ಕೆ ಹೋಗಿದ್ದೆವು. ಅಮ್ಮನ ಮೀನಖಂಡದ ಬಿಗಿತ ಕಡಿಮೆಯಾಗಿದೆ, ಮೊಣಕಾಲು ಹಿಡಿತಕ್ಕೆ ಬಂದಿದೆ ಎಂದು ನೋಡಿ, ಕಣಕಾಲಿನ ಮುಂದಿದ್ದ ಅಂಚನ್ನು ಪೆನ್ಸಿಲಿನಿಂದ ಗುರುತಿಸಿ ಎರಡೂ ಬದಿ ಐದೈದು ಮಿಲಿಮೀಟರ್ ಹಿಂದಕ್ಕೆ ಉಜ್ಜಿ ತೆಗೆದರು. ಪಟ್ಟಿ ಈಗ ಸ್ವಲ್ಪ ಬಾಗುತ್ತದೆ, ಮೆಟ್ಟಿಲು ಇಳಿಯುವುದು ಹಗುರವಾಗಿದೆ ಎಂದು ಅಮ್ಮ ಹೇಳುತ್ತಾರೆ. ಕೊಯ್ದ ಬಿಳಿಯ ಪುಡಿ ಅವರ ಸೀರೆಯ ಅಂಚಿನಲ್ಲಿ ಮನೆಯವರೆಗೂ ಬಂದಿತ್ತು.